ಮನೆಯ ಕಾವಲು: ಮಿಸ್ತ್ರಿಯ ಕೈಯೋ, ನಮ್ಮ ಕೈಯೋ?

ಬೇಸಿಗೆಯ ರಜೆ ಹತ್ತಿರ ಬಂದಿತೆಂದರೆ ಮುಂಬಯಿಯ ಕನ್ನಡ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೇ ತಲೆಯೆತ್ತುತ್ತವೆ. ಮೊದಲನೆಯದು ಊರಿಗೆ ಹೋಗುವ ಗಾಡಿಯ ಟಿಕೀಟು. ಎರಡನೆಯದು ಬಿಟ್ಟು ಹೋಗುವ ಮನೆಯ ಕೀಲಿ. ಕರಾವಳಿಯ ಮಿತ್ರರು ಮತ್ಸ್ಯಗಂಧಾ ಗಾಡಿಯಲ್ಲಿ ಜಾಗ ಸಿಕ್ಕೀತೆ ಎಂದು ಒದ್ದಾಡುತ್ತಿದ್ದರೆ, ನಮ್ಮ ಧಾರವಾಡದ ಕಡೆಯವರು ದಾದರಿನಿಂದ ಹೊರಡುವ ಗಾಡಿಗೆ ಹೆಸರು ಹಚ್ಚಿ ಕಾಯುತ್ತಿರುತ್ತಾರೆ. ಟಿಕೀಟಿನ ಚಿಂತೆ ಒಂದು ದಿನ ಹೇಗೋ ಮುಗಿಯುತ್ತದೆ. ಕೀಲಿಯ ಚಿಂತೆ ಮಾತ್ರ ಗಾಡಿ ಕರ್ಜತ ದಾಟಿ ಘಟ್ಟ ಏರಿದ ಮೇಲೂ ಬೆನ್ನು ಬಿಡುವುದಿಲ್ಲ. "ಅಡಿಗೆಮನೆಯ ಕಿಟಕಿ ಹಾಕಿದಿರೇನು?" ಎಂದು ಮನೆಯಾಕೆ ಒಂದು ಮಾತು ಕೇಳಿದರೆ ಸಾಕು, ಯಜಮಾನನ ನಿದ್ದೆ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು.

ಧಾರವಾಡದವನಾದ ನನಗೆ ಅದು ಕೀಲಿ. ಮೈಸೂರಿನ ಮಿತ್ರರಿಗೆ ಬೀಗ. ನೆರೆಯ ಮರಾಠಿಗರಿಗೆ ಕುಲೂಪ. ಬಜಾರಕ್ಕೆ ಹೋಗಿ ಕೇಳುವಾಗ ಎಲ್ಲರಿಗೂ ತಾಲಾ. ಹೆಸರು ಏನಿದ್ದರೂ ಅದನ್ನು ಬಾಗಿಲಿಗೆ ಕೂಡಿಸುವವರು ಯಾರು? ಕಸುಬಿನವನನ್ನು ಕರೆಸಬೇಕೋ, ಹಣ ಉಳಿಸಿ ನಾವೇ ಮಾಡಿಕೊಳ್ಳಬೇಕೋ? ಈಚೆಗೆ ಕೀಲಿಯ ಜೊತೆಗೆ ಕ್ಯಾಮರಾ, ಬಾಗಿಲ ಗಂಟೆ, ಬೆರಳು ಒತ್ತಿದರೆ ತೆರೆಯುವ ಬಾಗಿಲು ಎಂದು ನಾನಾ ಬಗೆಯ ಸಾಮಾನು ಬಂದಿರುವುದರಿಂದ ಈ ಪ್ರಶ್ನೆ ದೊಡ್ಡದಾಗಿದೆ. ಎರಡೂ ದಾರಿಗಳಲ್ಲಿ ನಡೆದು ಎರಡರಲ್ಲಿಯೂ ಎಡವಿದವನು ನಾನು. ಆ ಅನುಭವವನ್ನೂ ಅನಂತರ ಕೇಳಿ ಓದಿ ತಿಳಿದುಕೊಂಡದ್ದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ನಾನೇ ಹಾಕಿದ ಲ್ಯಾಚು

ನಮ್ಮದು ಡೊಂಬಿವಲಿಯ ಒಂದು ಸೊಸಾಯಿಟಿಯಲ್ಲಿ ಮೂರನೆಯ ಮಹಡಿಯ ಮನೆ. ಎರಡು ಕೋಣೆ, ಒಂದು ಅಡಿಗೆಮನೆ. ನಾನು ಸರಕಾರಿ ಕಚೇರಿಯಲ್ಲಿ ಕಾರಕೂನ. ನನ್ನಾಕೆ ಶಾಲೆಯಲ್ಲಿ ಶಿಕ್ಷಕಿ. ಮಗ ಇನ್ನೂ ಓದುವ ಹುಡುಗ. ಬೆಳಿಗ್ಗೆ ಎಂಟರ ಲೋಕಲ್ ಹಿಡಿದು ನಾನು ಹೊರಟು, ತಾಯಿ-ಮಗ ಶಾಲೆಗೆ ಹೋದರೆಂದರೆ ಮನೆಯೆಲ್ಲ ಊರಿನಿಂದ ಬಂದಿರುವ ನನ್ನ ವೃದ್ಧ ತಾಯಿಯ ವಶ.

ಮೂರು ವರ್ಷಗಳ ಹಿಂದೆ ಪಕ್ಕದ ಕಟ್ಟಡದಲ್ಲಿ ಹಾಡುಹಗಲೇ ಒಂದು ಕಳವಾಯಿತು. ಅಂದಿನಿಂದ ಮನೆಯಲ್ಲಿ ಹೊಸ ಕೀಲಿಯ ಮಾತೇ ಮಾತು. ಮಿಸ್ತ್ರಿಯನ್ನು ಕೇಳಿದರೆ ಕೀಲಿಯ ಬೆಲೆಯ ಅರ್ಧದಷ್ಟನ್ನು ಬರಿಯ ಮಜೂರಿಯೆಂದು ಹೇಳಿದ. ಬಿ.ಎ. ಪಾಸಾದವನಿಗೆ ನಾಲ್ಕು ಸ್ಕ್ರೂ ತಿರುವಲು ಬಾರದೇನು ಎಂಬ ಅಭಿಮಾನ ನನ್ನಲ್ಲಿ ಎಚ್ಚತ್ತಿತು. ಕಚೇರಿ ಬಿಟ್ಟ ಮೇಲೆ ಲೋಹಾರ ಚಾಳಿಗೆ ಹೋಗಿ ಒಂದು ಒಳ್ಳೆಯ ಲ್ಯಾಚು ತಂದೆ. ಬಾಗಿಲು ಎಳೆದರೆ ತಾನಾಗಿ ಬೀಳುವಂಥದು. ಒಳಗಿನಿಂದ ಹಿಡಿಕೆ ತಿರುವಿದರೆ ತೆರೆಯುತ್ತದೆ, ಹೊರಗಿನಿಂದ ತೆರೆಯಲು ಕೀಲಿಕೈಯೇ ಬೇಕು. ಗೆಳೆಯನೊಬ್ಬನ ಡ್ರಿಲ್ ಮಶೀನು ಎರವಲು ತಂದು, ಮೊಬೈಲಿನಲ್ಲಿ ಯಾರೋ ಮಾಡಿ ತೋರಿಸಿದ್ದನ್ನು ನೋಡುತ್ತ, ಒಂದು ಇಡೀ ಭಾನುವಾರ ಕಳೆದು ಅದನ್ನು ಕೂಡಿಸಿದೆ. ಸಂಜೆ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ಎಲ್ಲರಿಗೂ ತೋರಿಸಿದ್ದಾಯಿತು. ನನ್ನಾಕೆ ಮಾತ್ರ ಗೋಡೆಯ ಮೇಲೆ ಬಿದ್ದ ಎರಡು ಹೆಚ್ಚಿನ ತೂತುಗಳನ್ನು ನೋಡಿ ಏನೂ ಹೇಳದೆ ಒಳಗೆ ಹೋದಳು.

ಹದಿನೈದು ದಿನ ಕಳೆದಿರಬೇಕು. ಒಂದು ಬುಧವಾರ ಮುಂಜಾನೆ ಹತ್ತೂವರೆಗೆ ತಾಯಿ ಹಾಲನ್ನು ಒಲೆಯ ಮೇಲಿಟ್ಟು, ಕಸದ ಬುಟ್ಟಿಯನ್ನು ಬಾಗಿಲ ಹೊರಗಿಡಲು ಎರಡು ಹೆಜ್ಜೆ ಹೊರಗೆ ಬಂದರು. ಮಳೆಗಾಲದ ಗಾಳಿ. ಹಿಂದಿನಿಂದ ಬಾಗಿಲು ಧಡ್ಡೆಂದು ಬಿತ್ತು. ಲ್ಯಾಚು ತನ್ನ ಧರ್ಮವನ್ನು ತಾನು ಪಾಲಿಸಿತು. ಕೀಲಿಕೈ ಒಳಗೆ, ಫೋನು ಒಳಗೆ, ಉರಿಯುವ ಗ್ಯಾಸು ಒಳಗೆ, ತಾಯಿ ಹೊರಗೆ.

ಎದುರಿನ ಮನೆಯವರು ಇಬ್ಬರೂ ಕೆಲಸಕ್ಕೆ ಹೋದವರು. ಕೂಗು ಕೇಳಿ ಮೇಲಿನ ಮಹಡಿಯ ಕಾಕೂ ಇಳಿದು ಬಂದರು. ಗಾಬರಿಯಲ್ಲಿ ತಾಯಿಗೆ ಬರುತ್ತಿದ್ದ ನಾಲ್ಕು ಮರಾಠಿ ಮಾತುಗಳೂ ಮರೆತು ಹೋಗಿದ್ದವು. "ಹಾಲು ಒಲೀ ಮ್ಯಾಲದರೀ, ಹಾಲು ಒಲೀ ಮ್ಯಾಲದ!" ಎಂದು ಕನ್ನಡದಲ್ಲಿಯೇ ಹೇಳುತ್ತಿದ್ದರಂತೆ. ಹಾಲೆಂದರೆ ದೂಧ ಎಂದು ಕಾಕೂ ಅವರಿಗೆ ಹೊಳೆಯುವ ಹೊತ್ತಿಗೆ ಸೀದ ವಾಸನೆ ಜಿನೆಯ ತನಕ ಬಂದಿತ್ತು. ಕಿಟಕಿಯಿಂದ ಇಳಿಯೋಣವೆಂದರೆ ಕಳ್ಳರ ಭಯಕ್ಕೆ ನಾವು ಎಲ್ಲ ಕಿಟಕಿಗಳಿಗೂ ಗ್ರಿಲ್ ಬಡಿಸಿದ್ದೆವು. ಕಾಕೂ ಅವರ ಮಗ ಮತ್ತು ಕಾವಲುಗಾರ ಸೇರಿ ಒಂದು ಹಾರೆ ತಂದು ಬಾಗಿಲ ಸಂದಿಗೆ ಕೊಟ್ಟು ಎರಡು ಏಟು ಹಾಕಿದರು. ಎರಡೇ ಏಟಿಗೆ ಬಾಗಿಲು ತೆರೆಯಿತು. ಪಾತ್ರೆ ಕರಿಕಾಗಿತ್ತು, ಅಡಿಗೆಮನೆ ಹೊಗೆಯಿಂದ ತುಂಬಿತ್ತು, ಹೆಚ್ಚಿನದೇನೂ ಆಗಿರಲಿಲ್ಲ.

ಸಂಜೆ ಬಂದು ನೋಡಿದಾಗ ಚೌಕಟ್ಟಿನಿಂದ ಕಿತ್ತು ಬಂದ ಸ್ಕ್ರೂಗಳು ನೆಲದ ಮೇಲೆ ಬಿದ್ದಿದ್ದವು. ಅರ್ಧ ಇಂಚಿನವು! ಡಬ್ಬಿಯಲ್ಲಿದ್ದ ಉದ್ದದ ಸ್ಕ್ರೂಗಳು ಮರದೊಳಗೆ ಇಳಿಯಲೊಲ್ಲವೆಂದು ನಾನೇ ಮನೆಯಲ್ಲಿದ್ದ ಗಿಡ್ಡನೆಯವನ್ನು ಹಾಕಿದ್ದೆ. ನನ್ನ ಕೆಟ್ಟ ಕೆಲಸವೇ ಅಂದು ಮನೆಯನ್ನು ಉಳಿಸಿತು. ಆದರೆ ಅದೇ ಬಾಗಿಲು ಕಳ್ಳನ ಕೈಗೆ ಸಿಕ್ಕಿದ್ದರೂ ಎರಡೇ ಏಟಿಗೆ ತೆರೆಯುತ್ತಿತ್ತು ಎಂಬುದೂ ಅಷ್ಟೇ ನಿಜ. ಕಳ್ಳನನ್ನು ತಡೆಯಲಾರದೆ ತಾಯಿಯನ್ನು ಮಾತ್ರ ತಡೆದ ಕೀಲಿ ಅದು!

ಆ ರಾತ್ರಿ ತಾಯಿ ಊಟ ಮಾಡಲಿಲ್ಲ. "ನನ್ನ ಊರಿಗೆ ಕಳಿಸಿಬಿಡಪಾ. ಅಲ್ಲಿ ಬಾಗಲಾ ನಾ ಹಾಕಿದರ ಹಾಕ್ತದ, ತಗದರ ತಗೀತದ" ಎಂದರು. ಮರುದಿನದಿಂದ ಸೆರಗಿಗೆ ಕೀಲಿಕೈ ಕಟ್ಟಿಕೊಂಡು ಕೂಡತೊಡಗಿದರು. ಹೊಸ್ತಿಲು ದಾಟುವುದನ್ನೇ ಬಿಟ್ಟರು. ಪಾತ್ರೆ ಹೋದದ್ದಕ್ಕಿಂತ ಈ ಧೈರ್ಯ ಹೋದದ್ದೇ ನಮಗೆ ದೊಡ್ಡ ನಷ್ಟವಾಯಿತು.

ಕಸುಬಿನವನು ಹಾಕಿದ ಕ್ಯಾಮರಾ

ಬುದ್ಧಿ ಕಲಿತ ನಾನು ಈ ಸಲ ಕಸುಬಿನವನನ್ನೇ ಕರೆಸಿದೆ. ಬಂದವನ ಕೈಗುಣ ನೋಡುವಂತಿತ್ತು. ಹಳೆಯ ತೂತುಗಳನ್ನು ಮರದ ಬೆಣೆಯಿಂದ ಮುಚ್ಚಿ, ಮೊದಲು ಸಣ್ಣ ತೂತು ಕೊರೆದು, ಮೂರು ಇಂಚಿನ ಸ್ಕ್ರೂಗಳನ್ನು ಬೆಣ್ಣೆಯಲ್ಲಿ ಇಳಿಸಿದಂತೆ ಇಳಿಸಿದ. ತಾನಾಗಿ ಬೀಳುವ ಲ್ಯಾಚನ್ನು ತೆಗೆದು, ಹೊರಗಿನಿಂದ ಕೈ ತಿರುವಿದಾಗ ಮಾತ್ರ ಬೀಳುವ ಕೀಲಿ ಹಾಕಿದ. ನಾನು ಒಂದು ದಿನ ಹೆಣಗಿದ್ದನ್ನು ಒಂದೂವರೆ ತಾಸಿನಲ್ಲಿ ಮುಗಿಸಿದ. ಕೆಲಸ ಕಂಡು ಸಂತೋಷಗೊಂಡು, ಅವನ ಮಾತಿನಂತೆ ಎರಡು ಕ್ಯಾಮರಾಗಳನ್ನೂ ಹಾಕಿಸಿದೆವು. ಒಂದು ಬಾಗಿಲ ಹೊರಗೆ, ಇನ್ನೊಂದು ನಡುಮನೆಯಲ್ಲಿ. ತಾಯಿ ಒಬ್ಬರೇ ಇರುವಾಗ ಕಚೇರಿಯಲ್ಲಿ ಕುಳಿತು ನೋಡಬಹುದಲ್ಲ ಎಂದು.

ಎಂಟು ತಿಂಗಳ ಮೇಲೆ ಮಗನ ಸೈಕಲು ಬಾಗಿಲ ಹೊರಗಿನಿಂದ ಮಾಯವಾಯಿತು. ಕ್ಯಾಮರಾ ಇದೆಯಲ್ಲ, ಕಳ್ಳ ಸಿಕ್ಕಂತೆಯೇ ಎಂದು ಮುದ್ರಣಪೆಟ್ಟಿಗೆಯನ್ನು ತೆರೆದು ನೋಡಲು ಹೋದರೆ ಗುಪ್ತಪದ ಕೇಳಿತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಾಕಿದವನಿಗೆ ಫೋನು ಮಾಡಿದರೆ ಆ ನಂಬರೇ ಬಂದಾಗಿತ್ತು. ಕೊನೆಗೆ ಪರಿಚಯದ ಹುಡುಗನೊಬ್ಬ ಪೆಟ್ಟಿಗೆಯ ಕಂಪನಿಯವರು ಎಲ್ಲ ಪೆಟ್ಟಿಗೆಗಳಿಗೂ ಹಾಕಿ ಕಳಿಸುವ ಸಾಮಾನ್ಯ ಗುಪ್ತಪದವನ್ನು ಒತ್ತಿದ, ಪೆಟ್ಟಿಗೆ ತೆರೆಯಿತು. ಒಳಗೆ ನೋಡಿದರೆ ಮುದ್ರಣ ಐದು ತಿಂಗಳ ಹಿಂದೆಯೇ ನಿಂತಿತ್ತು. ಸೈಕಲಿನ ಮಾತು ಹಾಗಿರಲಿ. ಎಂಟು ತಿಂಗಳ ಕಾಲ ನಮ್ಮ ನಡುಮನೆಯ ಬಾಗಿಲು ಜಗತ್ತಿಗೆಲ್ಲ ಗೊತ್ತಿರುವ ಕೀಲಿಕೈಯಿಂದ ತೆರೆಯುವಂತಿತ್ತು ಎಂಬುದನ್ನು ನೆನೆದು ನನ್ನಾಕೆ ಅಂದೇ ಒಳಗಿನ ಕ್ಯಾಮರಾವನ್ನು ಕಿತ್ತಿಸಿದಳು.

ಇದು ಬರಿಯ ಹೆಂಗಸರ ಅಂಜಿಕೆಯೆಂದು ತಿಳಿಯಬಾರದು. 2016ರಲ್ಲಿ ಮಿರಾಯ್ ಎಂಬ ದುಷ್ಟ ಗಣಕಕ್ರಮವೊಂದು ಅಂತರಜಾಲದಲ್ಲಿ ಸುತ್ತಾಡಿ, ಕಾರಖಾನೆಯ ಗುಪ್ತಪದವನ್ನು ಬದಲಿಸದೆ ಬಿಟ್ಟ ಮನೆಕ್ಯಾಮರಾಗಳನ್ನೂ ಮುದ್ರಣಪೆಟ್ಟಿಗೆಗಳನ್ನೂ ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದು ಮಾಡಿದ್ದು ಇಷ್ಟೇ: ಅರವತ್ತರಷ್ಟು ಸಾಮಾನ್ಯ ಗುಪ್ತಪದಗಳನ್ನು ಒಂದಾದ ಮೇಲೊಂದರಂತೆ ಒತ್ತಿ ನೋಡುವುದು. ಆ ವರ್ಷದ ಅಕ್ಟೋಬರ 21ರಂದು ಹೀಗೆ ಕೈವಶವಾದ ಯಂತ್ರಗಳೆಲ್ಲ ಒಮ್ಮೆಗೇ ನುಗ್ಗಿ ಅಮೆರಿಕೆಯ ಎಷ್ಟೋ ದೊಡ್ಡ ಜಾಲತಾಣಗಳು ತಾಸುಗಟ್ಟಲೆ ಸಿಗದಂತೆ ಮಾಡಿದವು. ನಮ್ಮ ಸರಕಾರವೂ ಎಚ್ಚತ್ತು 2024ರಲ್ಲಿ ನಿಯಮ ಮಾಡಿದೆ. ಅದರಂತೆ 2025ರ ಎಪ್ರಿಲಿನಿಂದ ಇಲ್ಲಿ ಮಾರುವ ಇಂಥ ಕ್ಯಾಮರಾಗಳು ಸುರಕ್ಷತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಕೊಳ್ಳುವಾಗ ಆ ಪ್ರಮಾಣವನ್ನು ಕೇಳಿ ನೋಡಿ ಕೊಳ್ಳುವುದು ಒಳ್ಳೆಯದು.

ಕೀಲಿ ಕೊಡುವುದು ಸಮಯವನ್ನು

ಹೀಗೆ ಎರಡು ಕಡೆಯೂ ಪೆಟ್ಟು ತಿಂದ ಮೇಲೆ, ಕೀಲಿ ಎಂಬುದು ನಿಜವಾಗಿ ಮಾಡುವ ಕೆಲಸವೇನು ಎಂದು ಯೋಚಿಸುವಂತಾಯಿತು. ನಮ್ಮ ಲಾಲಬಾಗದಲ್ಲಿಯೇ 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಎಂಬ ಪಾರಸಿ ಗೃಹಸ್ಥರು, ವಕೀಲಿಯನ್ನು ಬಿಟ್ಟು, ಒಂದು ಸಣ್ಣ ಶೆಡ್ಡಿನಲ್ಲಿ ಕೀಲಿ ಮಾಡತೊಡಗಿದ್ದು ಎಲ್ಲರಿಗೂ ತಿಳಿದ ಸಂಗತಿ. ಅದಕ್ಕೂ ಮುಂಚೆ ಲಂಡನ್ನಿನಲ್ಲಿ ಬ್ರಾಮಾ ಎಂಬ ಕಂಪನಿಯ ಅಂಗಡಿಯ ಕಿಟಕಿಯಲ್ಲಿ, ಇದನ್ನು ಕೀಲಿಕೈಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನವೆಂದು ಬರೆದು ಒಂದು ಕೀಲಿಯನ್ನು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಇಟ್ಟಿದ್ದರಂತೆ. 1851ರ ಮಹಾಪ್ರದರ್ಶನದ ಕಾಲಕ್ಕೆ ಅಮೆರಿಕೆಯಿಂದ ಬಂದ ಹಾಬ್ಸ್ ಎಂಬ ಕಸುಬುಗಾರ ಅದನ್ನು ತೆರೆದೇಬಿಟ್ಟ. ಆದರೆ ಅವನಿಗೆ ಹಿಡಿದದ್ದು 16 ದಿನಗಳಲ್ಲಿ ಹಂಚಿದ 51 ತಾಸುಗಳು!

ತೆರೆಯಲಾಗದ ಕೀಲಿ ಇಲ್ಲ. ಒಳ್ಳೆಯ ಕೀಲಿ ಕಳ್ಳನಿಂದ ಸಮಯವನ್ನು ಕೇಳುತ್ತದೆ, ಸದ್ದನ್ನು ಮಾಡಿಸುತ್ತದೆ. ಆ ಸಮಯದಲ್ಲಿ ಸದ್ದು ಕೇಳಿ ಬರುವವರು ಯಾರಾದರೂ ಇದ್ದರೆ ಮಾತ್ರ ಅದರ ಸಾರ್ಥಕ. ಯಾರೂ ಬಾರದ ಮನೆಗೆ ಎಂಥ ಕೀಲಿ ಹಾಕಿದರೂ ಅಷ್ಟೇ.

ಮನೆಗೆ ಕ್ಯಾಮರಾದ ಕಾವಲು ಹಾಕುವ ಉಪಾಯ ಹೊಳೆದದ್ದು ಯಾವ ಕಂಪನಿಯವರಿಗೂ ಅಲ್ಲ, ಒಬ್ಬ ದಾದಿಗೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬಾಕೆ ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬಳೇ ಮನೆಯಲ್ಲಿರಬೇಕಾಗುತ್ತಿತ್ತು. ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕು ಕಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮರಾ, ಮಲಗುವ ಕೋಣೆಯಲ್ಲಿ ಅದರ ಚಿತ್ರ, ಅಲ್ಲಿಂದಲೇ ಮಾತಾಡುವ ಮತ್ತು ಬಾಗಿಲು ತೆರೆಯುವ ಅನುಕೂಲ—ಇದು ಆಕೆಯ ಕಲ್ಪನೆ. ಆಕೆಯ ಗಂಡ ವಿದ್ಯುತ್ ಯಂತ್ರಗಳ ಕಸುಬು ಬಲ್ಲವನು. ಇಬ್ಬರೂ ಸೇರಿ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಅದರ ಹಕ್ಕುಪತ್ರ ಪಡೆದರು. ಭಯ ಎಲ್ಲಿದೆ ಎಂಬುದು ಮನೆಯಲ್ಲಿರುವವಳಿಗೆ ಗೊತ್ತು. ತಂತಿ ಎಲ್ಲಿ ಹೋಗಬೇಕೆಂಬುದು ಕಸುಬಿನವನಿಗೆ ಗೊತ್ತು. ಇವೆರಡು ಕೂಡಿದರೆ ಕೆಲಸ ಚಂದಾಗುತ್ತದೆ.

ನಾವೇ ಮಾಡಿಕೊಳ್ಳಬಹುದಾದವು

ಇದರ ಅರ್ಥ ಮನೆಯವರು ಕೈಕಟ್ಟಿ ಕೂಡಬೇಕೆಂದಲ್ಲ. ಒಂದು ಸ್ಕ್ರೂಡ್ರೈವರು, ಒಂದು ಅಳತೆಪಟ್ಟಿ ಇದ್ದರೆ ಮಾಡಬಹುದಾದ ಕೆಲಸಗಳು ಹಲವು ಇವೆ.

ಮೊದಲು ಇರುವ ಬಾಗಿಲನ್ನೇ ಪರೀಕ್ಷಿಸಬೇಕು. ಚಿಲಕ ಹೋಗಿ ಕೂಡುವ ತಗಡನ್ನು ಎಷ್ಟುದ್ದದ ಸ್ಕ್ರೂಗಳು ಹಿಡಿದಿವೆ ಎಂದು ಒಂದನ್ನು ತೆಗೆದು ನೋಡಿರಿ. ಮರದ ಚೌಕಟ್ಟಾದರೆ ಎರಡೂವರೆಯಿಂದ ಮೂರು ಇಂಚಿನವು ಇರಲಿ. ಮೊದಲು ಸಣ್ಣ ತೂತು ಕೊರೆದುಕೊಂಡರೆ ಮರ ಸೀಳುವುದಿಲ್ಲ, ಕೈಯೂ ನೋಯುವುದಿಲ್ಲ. ಬಾಗಿಲ ಕಣ್ಣು ಮನೆಯ ಅತ್ಯಂತ ಗಿಡ್ಡನೆಯ ಹಿರಿಯರಿಗೂ ಎಟುಕುವಷ್ಟು ಎತ್ತರದಲ್ಲಿರಬೇಕು. ನಮ್ಮಲ್ಲಿ ಅದು ನನ್ನ ಎತ್ತರಕ್ಕೆ ಇತ್ತು. ತಾಯಿ ಕುರ್ಚಿ ಹಾಕಿ ನೋಡುತ್ತಿದ್ದರು!

ಎರಡನೆಯದು, ಬಾಗಿಲಿಗೂ ಚೌಕಟ್ಟಿಗೂ ಅಂಟಿಸುವ ಆಯಸ್ಕಾಂತದ ಗಂಟೆ. ಒಂದು ತುಂಡಿನಲ್ಲಿ ಆಯಸ್ಕಾಂತ, ಇನ್ನೊಂದರಲ್ಲಿ ಗಾಜಿನ ಸಣ್ಣ ಕೊಳವೆಯೊಳಗೆ ಎರಡು ತೆಳು ಲೋಹದ ಎಲೆಗಳು. ಬಾಗಿಲು ತೆರೆದು ಆಯಸ್ಕಾಂತ ದೂರವಾದೊಡನೆ ಎಲೆಗಳು ಬಿಡುತ್ತವೆ, ಗಂಟೆ ಕೂಗುತ್ತದೆ. ಬ್ಯಾಟರಿಯಿಂದ ನಡೆಯುವುದರಿಂದ ಶಾಕಿನ ಭಯವಿಲ್ಲ. ಅಂಟು ಹಿಡಿಯಬೇಕಾದರೆ ಬಣ್ಣದ ಮೇಲಿನ ಧೂಳನ್ನು ಒರೆಸಿ ಒಣಗಿಸಿರಿ. ಮುಂಬಯಿಯ ಮಳೆಗಾಲದ ತೇವದಲ್ಲಿ ಅಂಟಿಸಿದ್ದು ಮೂರು ದಿನ ನಿಲ್ಲುವುದಿಲ್ಲ.

ಮೂರನೆಯದು, ಪ್ಲಗ್ಗಿಗೆ ಚುಚ್ಚಿ ಮೇಜಿನ ಮೇಲಿಡುವ ಒಂಟಿ ಕ್ಯಾಮರಾ. ಇದನ್ನೂ ನಾವೇ ಕೂಡಿಸಬಹುದು. ಪೆಟ್ಟಿಗೆ ಒಡೆದ ಕೂಡಲೆ ಮಾಡಬೇಕಾದ ಮೊದಲ ಕೆಲಸ ಗುಪ್ತಪದ ಬದಲಿಸುವುದು. ಬೆಳಕು ಬರುವ ಕಿಟಕಿಗೆ ಮುಖ ಮಾಡಿ ಇಟ್ಟರೆ ಬಂದವರ ಮುಖ ಕಪ್ಪಾಗಿ ಕಾಣುತ್ತದೆ. ಬೆಳಕು ಅದರ ಬೆನ್ನಿಗಿರಲಿ. ಗೋಡೆಗೆ ಹಾಕುವುದಾದರೆ ಏಳೆಂಟು ಅಡಿ ಎತ್ತರ ಸಾಕು. ಇನ್ನೂ ಮೇಲೆ ಹಾಕಿದರೆ ಕಾಣುವುದು ಕಳ್ಳನ ನೆತ್ತಿ ಮಾತ್ರ.

ಕಸುಬಿನವರಿಗೆ ಬಿಡತಕ್ಕವು

230 ವೋಲ್ಟಿನ ತಂತಿಯನ್ನು ಮುಟ್ಟುವ ಯಾವ ಕೆಲಸವನ್ನೂ ಲೈಸೆನ್ಸು ಉಳ್ಳವರಿಗೇ ಬಿಡಬೇಕು. ಕ್ಯಾಮರಾಗಳು ಸಾಮಾನ್ಯವಾಗಿ 12 ವೋಲ್ಟಿನಿಂದ ನಡೆಯುವಂಥವೇ. ಆದರೆ ಆ 12 ವೋಲ್ಟು ಹುಟ್ಟುವ ಜಾಗದಲ್ಲಿ 230 ಕುಳಿತಿರುತ್ತದೆ. ನಾಲ್ಕೈದು ಕ್ಯಾಮರಾಗಳಿಗೆ ಗೋಡೆಯೊಳಗಿಂದ ತಂತಿ ಎಳೆಯುವುದು, ಬಾಲ್ಕನಿಯ ಹೊರಗೆ ತೂಗಾಡಿ ಮಾಡುವ ಕೆಲಸ, ಕಲ್ಲಿನ ಅಥವಾ ಉಕ್ಕಿನ ಚೌಕಟ್ಟು ಕೊರೆಯುವುದು, ಬೆರಳಿಗೆ ತೆರೆಯುವ ಕೀಲಿಯನ್ನು ಬಾಗಿಲಲ್ಲಿ ಕೆತ್ತಿ ಕೂಡಿಸುವುದು—ಇವೆಲ್ಲ ಕಸುಬಿನವರವೇ. ಬೆರಳಿನ ಕೀಲಿ ಕೊಳ್ಳುವಾಗ ಬ್ಯಾಟರಿ ಮುಗಿದರೆ ಹೊರಗಿನಿಂದ ತೆರೆಯುವ ಬಗೆ ಏನೆಂದು ಮೊದಲು ಕೇಳಿರಿ. ಸಾದಾ ಕೀಲಿಕೈ ಹಾಕುವ ತೂತಾದರೂ ಇರಬೇಕು, ಇಲ್ಲವೆ ಹೊರಗಿನಿಂದ ಬ್ಯಾಟರಿ ತಾಗಿಸುವ ಅನುಕೂಲವಾದರೂ ಇರಬೇಕು. ಹೊರಗೆ ಹಾಕುವ ಕ್ಯಾಮರಾದ ಮೇಲೆ ಐಪಿ 66 ಎಂಬ ಗುರುತು ಇದೆಯೇ ನೋಡಿರಿ. ಮೊದಲ 6 ಧೂಳು ಒಳಗೆ ಹೋಗದೆಂದೂ ಎರಡನೆಯ 6 ಜೋರಾದ ನೀರಿನ ಹೊಡೆತ ತಡೆಯುವುದೆಂದೂ ಹೇಳುತ್ತವೆ.

ಇಡೀ ಕಟ್ಟಡದ ಬೆಂಕಿಯ ರಕ್ಷಣೆಯ ವಿಷಯದಲ್ಲಂತೂ ಆಯ್ಕೆಯನ್ನು ಕಾಯಿದೆಯೇ ಮಾಡಿಬಿಟ್ಟಿದೆ. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷೆಯ ಕಾಯಿದೆಯಂತೆ ಅದರ ವ್ಯಾಪ್ತಿಗೆ ಬರುವ ಕಟ್ಟಡಗಳು, ವ್ಯವಸ್ಥೆಯೆಲ್ಲ ಸರಿಯಾಗಿದೆಯೆಂಬ ಪ್ರಮಾಣಪತ್ರವನ್ನು ಪ್ರತಿ ಜನವರಿ ಮತ್ತು ಜುಲೈಯಲ್ಲಿ ಲೈಸೆನ್ಸು ಪಡೆದ ಸಂಸ್ಥೆಯಿಂದಲೇ ಮಾಡಿಸಿ ಒಪ್ಪಿಸಬೇಕು. ಸೊಸಾಯಿಟಿಯ ಸಭೆಯಲ್ಲಿ ಇದನ್ನು ಕೇಳುವುದು ಸದಸ್ಯರ ಹಕ್ಕು.

ಗ್ರಿಲ್ಲಿನ ಮಾತನ್ನು ಒತ್ತಿ ಹೇಳಲೇಬೇಕು. ಕಿಟಕಿಗೆ ಗ್ರಿಲ್ ಹಾಕಿಸುವಾಗ ಅದರಲ್ಲಿ ಒಂದು ಮನುಷ್ಯ ಹೊರಬರುವಷ್ಟು ಅಗಲದ, ಒಳಗಿನಿಂದ ತೆರೆಯುವ ಪುಟ್ಟ ಬಾಗಿಲು ಇಡಿಸಿರಿ. ಅದರ ಕೀಲಿಕೈ ಹತ್ತಿರದ ಮೊಳೆಗೇ ತೂಗಲಿ. ಮಕ್ಕಳಿಗೂ ಹಿರಿಯರಿಗೂ ಅದನ್ನು ತೆರೆಯಲು ಬರಲಿ. ಕಳ್ಳ ಬರುವುದು ಎಂದೋ ಒಮ್ಮೆ. ಒಲೆ ಉರಿಯುವುದು ದಿನವೂ.

ಕಾರಕೂನನ ಒಂದು ಲೆಕ್ಕ

ಕ್ಯಾಮರಾ ಹಾಕಿಸಿದವರು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದಿದೆ: ಚಿತ್ರ ಎಷ್ಟು ದಿನ ಉಳಿಯುತ್ತದೆ? ಒಂದು ಕ್ಯಾಮರಾ ಸೆಕೆಂಡಿಗೆ 2 ಮೆಗಾಬಿಟ್ಟಿನಂತೆ ಮುದ್ರಿಸಿದರೆ ದಿನಕ್ಕೆ ಸುಮಾರು 21½ ಗಿಗಾಬೈಟು. ನಾಲ್ಕು ಕ್ಯಾಮರಾಗಳಿದ್ದರೆ 86. ಪೆಟ್ಟಿಗೆಯಲ್ಲಿರುವುದು ಒಂದು ಟೆರಾಬೈಟಿನ, ಎಂದರೆ 1000 ಗಿಗಾಬೈಟಿನ ಡಿಸ್ಕಾದರೆ ಹನ್ನೊಂದೂವರೆ ದಿನಕ್ಕೆ ತುಂಬುತ್ತದೆ. ಅನಂತರ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ನೀವು ಊರಿಗೆ ಹೋಗಿ ಇಪ್ಪತ್ತು ದಿನ ಇದ್ದು ಬಂದರೆ ಮೊದಲ ಎಂಟು ದಿನಗಳ ಚಿತ್ರ ಹೋಗಿಯೇ ಹೋಗಿರುತ್ತದೆ. ಆದುದರಿಂದ ನಿಮ್ಮ ರಜೆಯ ದಿನಗಳನ್ನು ಎಣಿಸಿ ಡಿಸ್ಕು ಕೊಳ್ಳಿರಿ. ಅಥವಾ ಅಲುಗಾಟ ಕಂಡಾಗ ಮಾತ್ರ ಮುದ್ರಿಸುವಂತೆ ಮಾಡಿಸಿರಿ. ವಿದ್ಯುತ್ತು ಹೋದಾಗ ಕ್ಯಾಮರಾಕ್ಕೆ, ಪೆಟ್ಟಿಗೆಗೆ, ಅಂತರಜಾಲದ ರೌಟರಿಗೆ ಮೂರಕ್ಕೂ ಬ್ಯಾಟರಿಯ ಆಸರೆ ಬೇಕು. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಟ್ಟರೆ ಊರಿನಲ್ಲಿ ಕುಳಿತು ನೋಡುವವನಿಗೆ ಕತ್ತಲೆಯೇ.

ಚಾರ್ಜು ತೆಗೆದುಕೊಳ್ಳಿರಿ

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಸರಕಾರಿ ಕಚೇರಿಯಲ್ಲಿ ಒಬ್ಬ ಅಧಿಕಾರಿಗೆ ವರ್ಗವಾದರೆ ಅವನು ಸುಮ್ಮನೆ ಎದ್ದು ಹೋಗುವಂತಿಲ್ಲ. ಎಷ್ಟು ಕಪಾಟು, ಎಷ್ಟು ಕೀಲಿಕೈ, ಯಾವ ಕಾಗದ ಎಲ್ಲಿ ಎಂದು ಪಟ್ಟಿ ಮಾಡಿ, ಬರುವವನಿಗೆ ಚಾರ್ಜು ಕೊಟ್ಟು, ಇಬ್ಬರೂ ಸಹಿ ಹಾಕಬೇಕು. ದಿನವೂ ಇದನ್ನು ಕಾಣುವ ನಾನು ನನ್ನ ಮನೆಯ ಕಾವಲಿನ ಚಾರ್ಜನ್ನು ಮಾತ್ರ ತೆಗೆದುಕೊಂಡಿರಲಿಲ್ಲ! ನನ್ನ ಎರಡೂ ತಪ್ಪುಗಳ ಬೇರು ಇದೇ. ಲ್ಯಾಚು ಹಾಕಿದಾಗ ಅದರ ಗುಣವನ್ನು ತಾಯಿಗೆ ತಿಳಿಸಿ ಹೇಳಲಿಲ್ಲ. ಕ್ಯಾಮರಾ ಹಾಕಿಸಿದಾಗ ಅದರ ಗುಟ್ಟನ್ನು ಹಾಕಿದವನಿಂದ ಕೇಳಿ ಪಡೆಯಲಿಲ್ಲ. ಕೈ ಯಾರದಾದರೂ ಆಗಲಿ, ಚಾರ್ಜು ಮನೆಯವರದಾಗಿರಬೇಕು.

ಈಗ ನಾನು ಮಾಡಿಟ್ಟ ಪಟ್ಟಿ ಹೀಗಿದೆ: ಯಾವ ಸಾಮಾನು, ಯಾವಾಗ ಕೊಂಡದ್ದು, ರಸೀದಿ ಎಲ್ಲಿದೆ; ಎಷ್ಟು ಕೀಲಿಕೈ ಬಂದವು, ಯಾವುದು ಯಾರಲ್ಲಿದೆ; ಗುಪ್ತಪದವನ್ನು ಕೆಲಸ ಮುಗಿದ ದಿನವೇ, ಹಾಕಿದವನು ಹೋದ ಮೇಲೆ, ನಾವೇ ಬದಲಿಸಿದ್ದೇವೆಯೇ; ಕ್ಯಾಮರಾದ ಖಾತೆ ನಮ್ಮ ಫೋನಿನ ಹೆಸರಿನಲ್ಲಿದೆಯೇ; ತಂತಿ ಯಾವ ಗೋಡೆಯಲ್ಲಿ ಹೋಗಿದೆ; ಕೆಟ್ಟರೆ ಯಾರನ್ನು ಕರೆಯಬೇಕು. ತಿಂಗಳ ಮೊದಲ ಭಾನುವಾರ ಐದು ನಿಮಿಷ ಕೊಟ್ಟು, ಪೆಟ್ಟಿಗೆಯ ಗಡಿಯಾರ ಸರಿಯಾಗಿದೆಯೇ, ನಿನ್ನೆಯ ಚಿತ್ರ ಸಿಗುತ್ತದೆಯೇ ಎಂದು ನೋಡುತ್ತೇನೆ. ಕರೆಸುವ ಮಿಸ್ತ್ರಿಗೂ ಈ ಪಟ್ಟಿಯನ್ನು ಮೊದಲೇ ತೋರಿಸುತ್ತೇನೆ. ಒಳ್ಳೆಯ ಕಸುಬುಗಾರ ಇದರಿಂದ ಬೇಸರಪಡುವುದಿಲ್ಲ.

ಕ್ಯಾಮರಾ ಎತ್ತ ನೋಡುತ್ತಿದೆ ಎಂಬುದೂ ಚಾರ್ಜಿನ ಒಳಗೇ ಬರುತ್ತದೆ. ಎದುರು ಮನೆಯ ಬಾಗಿಲೊಳಗೆ ಇಣುಕುವ ಕ್ಯಾಮರಾ ಕಾವಲಲ್ಲ, ಕಾಟ. ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ 24ರಂದು ತೀರ್ಪು ಕೊಟ್ಟರು. ಆ ಮೊಕದ್ದಮೆಯನ್ನು ತಂದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ನೆನೆದು, ಜಿನೆಯಲ್ಲಿ ಕ್ಯಾಮರಾ ಹಾಕುವ ಮುಂಚೆ ಸೊಸಾಯಿಟಿಯ ಒಪ್ಪಿಗೆಯನ್ನೂ ನೆರೆಯವರ ಒಪ್ಪಿಗೆಯನ್ನೂ ಪಡೆಯಬೇಕು.

ಎರಡನೆಯ ಕೀಲಿಕೈ

ನನ್ನ ಸೋದರಮಾವ ಪರಳದ ಒಂದು ಚಾಳಿನಲ್ಲಿದ್ದರು. ಚಿಕ್ಕವನಿದ್ದಾಗ ರಜೆಗೆ ಬಂದು ನೋಡಿದ್ದೇನೆ: ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು, ಊರಿಗೆ ಹೋಗುವಾಗ ಕೀಲಿಕೈ ಪಕ್ಕದ ಕೋಣೆಯವರ ಮೊಳೆಗೆ. ಹೊಸ ಮುಖವೊಂದು ಗ್ಯಾಲರಿಯಲ್ಲಿ ಬಂದರೆ ಹತ್ತು ಬಾಗಿಲುಗಳಿಂದ "ಯಾರು ಬೇಕು?" ಎಂಬ ಪ್ರಶ್ನೆ. ಆ ಕಾವಲಿಗೆ ವಿದ್ಯುತ್ತೂ ಬೇಡ, ಗುಪ್ತಪದವೂ ಬೇಡ. ಫ್ಲ್ಯಾಟಿಗೆ ಬಂದ ನಾವು ಗೋಡೆಗಳನ್ನು ಪಡೆದು ಅದನ್ನು ಕಳೆದುಕೊಂಡೆವು. ಹಳೆಯ ಚಾಳು ಮರಳಿ ಬಾರದು. ಅಲ್ಲಿಯ ಇಕ್ಕಟ್ಟೂ ನಮಗೆ ಬೇಡ. ಆದರೆ ಆ ಪದ್ಧತಿಯಲ್ಲಿ ಒಂದನ್ನಾದರೂ ಫ್ಲ್ಯಾಟಿಗೆ ತಂದುಕೊಳ್ಳಬಹುದು.

ಸರಕಾರದ ಖಜಾನೆಯ ಭದ್ರಕೋಣೆಗೆ ಎರಡು ಕೀಲಿಗಳಿರುತ್ತವೆ. ಒಂದರ ಕೈ ಒಬ್ಬ ಅಧಿಕಾರಿಯಲ್ಲಿ, ಇನ್ನೊಂದರದು ಮತ್ತೊಬ್ಬರಲ್ಲಿ. ಎಲ್ಲ ಭಾರವೂ ಒಬ್ಬನ ಜೇಬಿನಲ್ಲಿ ಇರಬಾರದೆಂಬ ಯೋಚನೆ ಅದರಲ್ಲಿದೆ. ಅದನ್ನೇ ಮನೆಯ ಮಟ್ಟಿಗೆ ಬದಲಿಸಿಕೊಂಡು, ನಮ್ಮ ಬಾಗಿಲಿನ ಎರಡನೆಯ ಕೀಲಿಕೈಯನ್ನು ಒಂದು ಲಕೋಟೆಯಲ್ಲಿ ಹಾಕಿ ಕಾಕೂ ಅವರ ಕೈಗೆ ಕೊಟ್ಟೆವು; ಅವರದು ನಮ್ಮ ಮನೆಗೆ ಬಂತು. ಲಕೋಟೆಯ ಮೇಲೆ ನಮ್ಮಿಬ್ಬರ ಫೋನಿನ ನಂಬರು. ತಾಯಿಯ ಹಾಸಿಗೆಯ ಪಕ್ಕದ ಗೋಡೆಯ ಮೇಲೆ ದೊಡ್ಡ ಕನ್ನಡ ಅಂಕಿಗಳಲ್ಲಿ ಮೂರು ಸಾಲು: ಕಾಕೂ ಅವರ ನಂಬರು, ಬೆಂಕಿಗೆ ೧೦೧, ಪೋಲೀಸರೇ ಮೊದಲಾದ ಯಾವ ಆಪತ್ತಿಗೂ ೧೧೨.

ತಾಯಿಯ ಧೈರ್ಯ ಒಂದೇ ದಿನಕ್ಕೆ ಮರಳಲಿಲ್ಲ. ಮೊದಲ ಕೆಲವು ದಿನ ಬಾಗಿಲಿಗೆ ಒಂದು ಮಣೆ ಅಡ್ಡ ಇಟ್ಟೇ ಹೊರಗೆ ಬರುತ್ತಿದ್ದರು. ಆಮೇಲೆ ಒಂದು ದಿನ, ನಾವು ಯಾರೂ ಮನೆಯಲ್ಲಿ ಇಲ್ಲದಾಗ, ಒಲೆ ಆರಿಸಿ, ತಾವೇ ಕೀಲಿ ಹಾಕಿ, ಮೇಲಿನ ಮಹಡಿಗೆ ಹೋಗಿ ಕಾಕೂ ಅವರಿಗೆ ಜೋಳದ ರೊಟ್ಟಿ ತಟ್ಟುವುದನ್ನು ತೋರಿಸಿ ಬಂದರಂತೆ. ಸಂಜೆ ಅದನ್ನು ಹೇಳುವಾಗ ಅವರ ಸೆರಗಿನ ತುದಿಯಲ್ಲಿ ಗಂಟು ಇರಲಿಲ್ಲ. "ಕೀಲಿಕೈ ಎಲ್ಲೆವ್ವಾ?" ಎಂದು ಕೇಳಿದೆ. "ಮೊಳಿಗೆ ಅದ. ಇನ್ನೊಂದು ಮ್ಯಾಲೆ ಅದ" ಎಂದರು.

ಈ ಬೇಸಿಗೆಗೆ ನಾವು ಎಲ್ಲರೂ ಕೂಡಿ ಊರಿಗೆ ಹೊರಡುವವರಿದ್ದೇವೆ. ಮನೆಗೆ ಮೂರು ಇಂಚಿನ ಸ್ಕ್ರೂಗಳಿವೆ, ಬಾಗಿಲ ಹೊರಗೆ ಕ್ಯಾಮರಾ ಇದೆ, ಅದರ ಗುಪ್ತಪದ ನನಗೂ ನನ್ನಾಕೆಗೂ ಗೊತ್ತಿದೆ. ಆದರೆ ಗಾಡಿ ಘಟ್ಟ ಏರುವಾಗ ನನಗೆ ನಿದ್ದೆ ಬಂದರೆ ಅದು ಮೇಲಿನ ಮಹಡಿಯಲ್ಲಿರುವ ಆ ಲಕೋಟೆಯಿಂದಲೇ. ವಾಚಕರು ಕೀಲಿ ಕೊಳ್ಳಲು ಬಜಾರಕ್ಕೆ ಹೋಗುವ ಮುಂಚೆ ನೆರೆಮನೆಯ ಬಾಗಿಲನ್ನು ಒಮ್ಮೆ ತಟ್ಟಿ ಬಂದರೆ ಒಳಿತೆಂದು ನನ್ನ ವಿನಂತಿ.